ಬೇತಾಳನ ಗೆರೆ ಮತ್ತು ನಮ್ಮ ದೀಪಾವಳಿ ಸಂಚಿಕೆ

ಕೆ.ಸಿ. ಶಿವಶಂಕರನ್ ಎಂದರೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಯಾರೆಂದು ಹೊಳೆಯಲಿಕ್ಕಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಕಾಲ ಬಳಿ ತಲೆಬುರುಡೆ ಎಂದರೆ ಸಾಕು, ‘ಓ, ಚಂದಮಾಮದ ಶಂಕರ್!’ ಎನ್ನುತ್ತೀರಿ.

1924ರಲ್ಲಿ ತಮಿಳುನಾಡಿನ ಧಾರಾಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಶಂಕರ್ ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರು. 1946ರಲ್ಲಿ ತಮಿಳಿನ ‘ಕಲೈಮಗಳ್’ ಪತ್ರಿಕೆ ಸೇರಿದರು. ಐವತ್ತರ ದಶಕದ ಆರಂಭದಲ್ಲಿ ನಾಗಿರೆಡ್ಡಿ–ಚಕ್ರಪಾಣಿಯವರ ಮಕ್ಕಳ ಮಾಸಪತ್ರಿಕೆ ಚಂದಮಾಮಕ್ಕೆ ಬಂದು ಹೆಚ್ಚುಕಡಿಮೆ ಅರವತ್ತು ವರ್ಷ ಅಲ್ಲೇ ನಿಂತರು. 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ, ಮರಣೋತ್ತರವಾಗಿ. ಬದುಕಿದ್ದಾಗಲೇ ಕೊಡಲು ಸರ್ಕಾರಕ್ಕೆ ಸಮಯವೇನೂ ಕಡಿಮೆ ಇರಲಿಲ್ಲ.

ಚಂದಮಾಮ ಎಂದೊಡನೆ ನಮಗೆ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಬಣ್ಣದ ಚಿತ್ರಗಳೂ ನೆನಪಾಗುತ್ತವೆ. ಅವು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವಂಥವು. ಶಂಕರ್ ಅವರದು ಬೇರೆ ಕಸುಬು: ಕಥೆಯ ಪಕ್ಕದಲ್ಲಿ, ಚಿಕ್ಕ ಪುಟದ ಅರ್ಧವನ್ನೋ ಕಾಲನ್ನೋ ಹಿಡಿಯುವ ಗೆರೆಚಿತ್ರ, ಅದೂ ತಿಂಗಳು ತಪ್ಪದೆ. ಅದೇ ಮರ, ಅದೇ ಹೆಣ. ಛಲ ಬಿಡದ ತ್ರಿವಿಕ್ರಮನ ಪಾಡು ಚಿತ್ರಗಾರನದೂ ಹೌದು. ಕನ್ನಡದ ಆವೃತ್ತಿ ಶುರುವಾದದ್ದು 1949ರಲ್ಲಿ. ಒಂದೇ ಚಿತ್ರ ಕನ್ನಡಕ್ಕೂ ತೆಲುಗಿಗೂ ತಮಿಳಿಗೂ ಹಿಂದಿಗೂ ಹೋಗಬೇಕಾದ್ದರಿಂದ ಚಿತ್ರದೊಳಗೆ ಅಕ್ಷರದ ಆಸರೆ ಸಿಗುತ್ತಿರಲಿಲ್ಲ. ರಾಜ ಯಾರು, ಕಳ್ಳ ಯಾರು ಎಂಬುದು ನಿಲುವು, ಉಡುಗೆ, ಕೈಯ ತಿರುವಿನಲ್ಲೇ ತಿಳಿಯಬೇಕು. ವಿಕ್ರಮ–ಬೇತಾಳರ ಹೊರಗೆರೆ ಮಾತ್ರ ಉಳಿಸಿ ಒಳಗೆಲ್ಲ ಕಪ್ಪು ತುಂಬಿ ನೋಡಿ: ಮುಂದಕ್ಕೆ ಇಟ್ಟ ಹೆಜ್ಜೆ, ಹೆಗಲಿನಿಂದ ಜೋತ ದೇಹ. ಆಗಲೂ ಗುರುತು ಹತ್ತುತ್ತದೆ. ನಿಮ್ಮ ಚಿತ್ರಕ್ಕೂ ಈ ಪರೀಕ್ಷೆ ಮಾಡಬಹುದು.

ಆ ಗೆರೆಗಳ ಹಿಂದೆ ಅಚ್ಚಿನ ಕಟ್ಟುಪಾಡೂ ಇದೆ. ಹಳೆಯ ಮುದ್ರಣದಲ್ಲಿ ಗೆರೆಚಿತ್ರದ ಫೋಟೊ ತೆಗೆದು, ಸತುವಿನ ತಗಡಿನ ಮೇಲೆ ಮೂಡಿಸಿ, ಆಸಿಡ್‌ನಲ್ಲಿ ಕೊರೆಸಿ ಬ್ಲಾಕ್ ಮಾಡುತ್ತಿದ್ದರು. ಆ ಬ್ಲಾಕಿಗೆ ಕಪ್ಪು ಗೊತ್ತು, ಬಿಳಿ ಗೊತ್ತು. ನಡುವಿನ ಬೂದು ಗೊತ್ತಿಲ್ಲ. ನೆರಳು ಬೇಕಿದ್ದರೆ ಒತ್ತೊತ್ತಾಗಿ ಗೆರೆ ಎಳೆಯಬೇಕು. ಗೆರೆ ತೀರಾ ತೆಳುವಾದರೆ ಆಸಿಡ್ ಅದನ್ನು ಬದಿಯಿಂದ ತಿಂದು ತುಂಡು ಮಾಡುತ್ತದೆ. ಗೆರೆಗಳ ನಡುವಿನ ಸಂದು ಕಿರಿದಾದರೆ ಶಾಯಿ ತುಂಬಿ ಮುಖವೇ ಮಸಿಯಾಗುತ್ತದೆ. ಈ ಕಟ್ಟಿನೊಳಗೆ ಪಳಗಿದ ಕೈ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ಮೊದಲೇ ಲೆಕ್ಕ ಹಾಕಿರುತ್ತದೆ. ಸಾಧಾರಣ ಕಾಗದದಲ್ಲೂ ಬೇತಾಳನ ಕೂದಲು ಬೇರೆಬೇರೆಯಾಗಿ ಕಾಣುವುದಕ್ಕೆ ಇದೇ ಕಾರಣ.

ಬ್ಲಾಕ್ ಹೋಯಿತು, ತೊಂದರೆ ಮಾತ್ರ ಹೋಗಿಲ್ಲ. ದೀಪಾವಳಿ ಸಂಚಿಕೆಗೆ ಚಿತ್ರ ಬರೆಯುವವರು, ಮಕ್ಕಳಿಂದ ಬರೆಸುವವರು ದಯವಿಟ್ಟು ಗಮನಿಸಿ. ನಮ್ಮ ಪುಟದ ಒಂದು ಅಂಕಣದ (ಕಾಲಂ) ಅಗಲ 86 ಮಿ.ಮೀ. ಅದರ ಒಂದೂವರೆ ಪಟ್ಟು, ಅಂದರೆ 129 ಮಿ.ಮೀ. ಅಗಲಕ್ಕೆ ಬರೆಯಿರಿ, ಕುಗ್ಗಿಸಿದಾಗ ಕೈಯ ನಡುಕ ಅಡಗುತ್ತದೆ. ಆದರೆ ಗೆರೆಯೂ ಕುಗ್ಗುತ್ತದೆ: 0.3 ಮಿ.ಮೀ. ಪೆನ್ನಿನದು 0.2 ಆಗಿ ಉಳಿಯುತ್ತದೆ, 0.1ರದು ಅಲ್ಲಲ್ಲಿ ಮಾಯ. ಹೊರಗೆರೆಗೆ 0.5 ಇರಲಿ. ಪ್ರಿಂಟರ್ ಹಾಳೆಯಲ್ಲಿ ಶಾಯಿ ಹರಡಿಕೊಳ್ಳುತ್ತದೆ, 200 ಗ್ರಾಂನ ಡ್ರಾಯಿಂಗ್ ಹಾಳೆ ಒಳ್ಳೆಯದು. ಪೆನ್ಸಿಲ್ ಅಳಿಸುವ ಮುನ್ನ ಶಾಯಿ ಪೂರ್ತಿ ಒಣಗಲಿ, ಅರ್ಧ ಗಂಟೆಯಾದರೂ ಬಿಡಿ. ನೀಲಿ ಬಾಲ್‌ಪೆನ್ ಬೇಡವೇ ಬೇಡ. ಸ್ಕ್ಯಾನ್ ಮಾಡಿದರೆ ಪೇಲವವಾಗಿ ಗೆರೆ ಹರಿಯುತ್ತದೆ.

ಕಾಮಿಕ್ಸ್ ಪುಟವಾದರೆ ಮಾತು ಮೊದಲು, ಮನುಷ್ಯರು ಆಮೇಲೆ. ಎಲ್ಲರೂ ತಪ್ಪುವುದು ಇಲ್ಲೇ. ಚಿತ್ರ ಮುಗಿಸಿ ಉಳಿದ ಮೂಲೆಯಲ್ಲಿ ಮಾತು ತುರುಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. 11 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 16 ಪಾಯಿಂಟ್ ಬೇಕು, ಮಾತು ಬರೆಯುವ ಒಂದು ಬಲೂನಿಗೆ ಹತ್ತು–ಹನ್ನೆರಡು ಪದ ಧಾರಾಳ. ಮೊದಲು ಮಾತಾಡುವವನು ಎಡಗಡೆ ಇರಲಿ, ಇಲ್ಲದಿದ್ದರೆ ಬಲೂನಿನ ಬಾಲಗಳು ಒಂದನ್ನೊಂದು ದಾಟುತ್ತವೆ.

ಸ್ಕ್ಯಾನರ್‌ನಲ್ಲಿ 600 ಡಿಪಿಐ ಇಡಿ. ಫೋನಿನಲ್ಲಿ ತೆಗೆದ ಫೋಟೊದಲ್ಲಿ ನಡುವೆ ಬೆಳಕು, ಅಂಚಿನಲ್ಲಿ ಬೂದು. ಕಪ್ಪು-ಬಿಳುಪು ಮಾಡಿದಾಗ ಮೂಲೆಗಳೆಲ್ಲ ಕಲೆ. ಸ್ಕ್ಯಾನರ್ ಇಲ್ಲದವರು ಹತ್ತಿರದ ಲೈಬ್ರರಿಯಲ್ಲಿ ವಿಚಾರಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಲಗತ್ತಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ಬರುತ್ತದೆ. ಮೂಲ ಹಾಳೆಯನ್ನು ಮಡಚದೆ ಇಟ್ಟುಕೊಂಡಿರಿ. ಸ್ಕ್ಯಾನ್ ಕೈಕೊಟ್ಟರೆ ಮತ್ತೆ ಕೇಳುತ್ತೇವೆ.