ವಾದ್ಯಕ್ಕೆ ಬೇಕಾದಷ್ಟೇ ಬೀಟೆ ಸಿಗಲಿ

ಮಾನ್ಯ ಸಂಪಾದಕರೇ,

ಧಾರವಾಡದ ನನ್ನ ಮನೆಯ ಹಿತ್ತಲ ಕೋಣೆಯಲ್ಲಿ ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಕೈಯಿಂದಲೇ ಗಿಟಾರ್ ಮಾಡುತ್ತಿದ್ದೇನೆ. ಈವರೆಗೆ ಮುಗಿದಿರುವುದು ಮೂರು; ಅವುಗಳಲ್ಲಿ ಒಂದು ಬಿರುಕು ಬಿಟ್ಟಿದೆ. ಈ ಕೆಲಸದಲ್ಲಿ ಎದುರಾದ ತೊಡಕೊಂದು ನನ್ನೊಬ್ಬನದಲ್ಲ ಎಂದು ತೋರಿದ್ದರಿಂದ ಈ ಪತ್ರ.

ಗಿಟಾರಿನ ಮೇಲ್ಹಲಗೆಗೆ ಸ್ಪ್ರೂಸ್ ಎಂಬ ಹಗುರ ಮರ ಬೇಕು. ಅದು ಶೀತ ಪ್ರದೇಶದ ಮರವಾದ್ದರಿಂದ ಹೊರಗಿನಿಂದ ತರಿಸಲು ನನಗೆ ಬೇಸರವಿಲ್ಲ. ಆದರೆ ಬೆನ್ನಿಗೂ ಪಕ್ಕಗಳಿಗೂ ಜಗತ್ತಿನ ತಯಾರಕರು ಬಯಸುವ ಬೀಟೆ ನಮ್ಮ ಪಶ್ಚಿಮ ಘಟ್ಟದ್ದು. ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯೂ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಂಥ ಮರವನ್ನು, ದಾಂಡೇಲಿಯ ಕಾಡು ಇಷ್ಟು ಹತ್ತಿರವಿರುವಾಗ, ನಾನು ಆನ್‌ಲೈನ್ ಅಂಗಡಿಯಿಂದ ಪಾರ್ಸೆಲ್‌ನಲ್ಲಿ ತರಿಸಬೇಕಾಯಿತು.

ಕಣ್ಣಿಂದ ನೋಡದೆ, ಬೆರಳಿಂದ ತಟ್ಟದೆ ಈ ಮರವನ್ನು ಕೊಳ್ಳುವುದು ಜೂಜಿನಂತೆ. ಪಕ್ಕದ ಹಲಗೆಯನ್ನು ಸುಮಾರು 2 ಮಿಲಿಮೀಟರ್‌ಗೆ ತೆಳ್ಳಗೆ ಮಾಡಿ, ನೀರಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಾಗಿಸಬೇಕು. ಎಳೆ ಓರೆಯಾಗಿದ್ದರೆ ಸೊಂಟದ ತಿರುವಿನಲ್ಲಿ ಅದು ಮುರಿದೇ ತೀರುತ್ತದೆ. ಮರ ಒಣಗಿರುವುದೂ ಅಷ್ಟೇ ಮುಖ್ಯ. ನನ್ನ ಎರಡನೆಯ ಗಿಟಾರಿನ ಬೆನ್ನನ್ನು ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ಅಂಟಿಸಿದೆ. ತೇವ ಹೀರಿ ಹಿಗ್ಗಿದ್ದ ಹಲಗೆ ಬೇಸಿಗೆಯಲ್ಲಿ ಕುಗ್ಗಲು ಹೊರಟಿತು, ಅದರ ಒಳಬದಿಗೆ ಅಂಟಿಸಿದ ಅಡ್ಡಪಟ್ಟಿಗಳು ಬಿಡಲಿಲ್ಲ, ಯುಗಾದಿಯ ಹೊತ್ತಿಗೆ ನಡುವೆ ಸೀಳಿತು. ತಪ್ಪು ಪೂರ್ತಿ ನನ್ನದೇ. ಮೂರನೆಯದನ್ನು ಅಜ್ಜಿಯ ಕಾಲದ ಮಂಚದ ತಲೆಹಲಗೆಯಿಂದ ಮಾಡಿದೆ; ದಶಕಗಳ ಕಾಲ ಮನೆಯೊಳಗೇ ಒಣಗಿದ ಆ ಬೀಟೆ ಇಂದಿಗೂ ಅಲುಗಿಲ್ಲ, ದನಿಯೂ ಅದರದ್ದೇ ಚೆಂದ. (ಮಂಚ ಒಡೆದದ್ದಕ್ಕೆ ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.) ಆದರೆ ಎಲ್ಲರ ಮನೆಯಲ್ಲೂ ಹಳೆಯ ಮಂಚ ಇರುವುದಿಲ್ಲ. ಕೆಡವಿದ ಮನೆಗಳ ಮರ ಮಾರುವ ಅಂಗಡಿಗಳಲ್ಲಿ ಬೀಟೆಯ ತುಂಡು ಸಿಕ್ಕರೂ ಅದರ ಮೂಲಕ್ಕೆ ಕಾಗದಪತ್ರ ಇರುವುದು ಅಪರೂಪ.

ನ್ಯಾಯವಾದ ದಾರಿಯಲ್ಲೇ ಕೊಳ್ಳೋಣವೆಂದು ಒಂದು ಸರಕಾರಿ ಕಟ್ಟಿಗೆ ಡಿಪೊಕ್ಕೆ ಹೋದೆ. ದಿಮ್ಮಿಗಳನ್ನು ಲಾಟ್‌ ಆಗಿ ಹರಾಜು ಹಾಕುತ್ತೇವೆ, ಬೇಕಾದರೆ ಹರಾಜಿನಲ್ಲಿ ಕೂಗಿ ಎಂದರು. ಅವರ ಮಾತು ನಿಯಮದ ಪ್ರಕಾರ ಸರಿಯೇ. ಆದರೆ ನನ್ನ ಅಗತ್ಯದ ಲೆಕ್ಕ ನೋಡಿ: ಬೆನ್ನಿಗೆ 50 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಎರಡು ಹಲಗೆ, ಪಕ್ಕಗಳಿಗೆ 80 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಎರಡು ಪಟ್ಟಿ. 4 ಮಿಲಿಮೀಟರ್ ದಪ್ಪಕ್ಕೆ ಕೊಯ್ದರೆ, ಗರಗಸಕ್ಕೆ ಹೋಗುವ ಪುಡಿಯನ್ನೂ ಲೆಕ್ಕಕ್ಕೆ ಹಿಡಿದು, ಒಂದು ಘನ ಅಡಿಯಲ್ಲಿ ಸುಮಾರು ಹತ್ತು ಗಿಟಾರಿಗೆ ಆಗುವಷ್ಟು ಮರ ಇರುತ್ತದೆ. ಒಂದು ವಾದ್ಯಕ್ಕೆ ಒಂದು ಲಾಟ್ ಕೊಳ್ಳುವವರು ಯಾರು?

ಬೀಟೆಯನ್ನು ಇನ್ನಷ್ಟು ಕಡಿಯಿರಿ ಎಂದು ನಾನು ಕೇಳುತ್ತಿಲ್ಲ. ಈ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ನಿಯಂತ್ರಣವಿದೆ, ಸಿದ್ಧ ವಾದ್ಯಗಳಿಗೆ ಆಮೇಲೆ ವಿನಾಯಿತಿ ಸಿಕ್ಕಿತು, ನಿಯಂತ್ರಣ ಇರಲೇಬೇಕು. ನನ್ನ ಮನವಿ ಈಗಾಗಲೇ ಡಿಪೊಗೆ ಬಂದು ಬಿದ್ದಿರುವ ಮರದ ಬಗ್ಗೆ ಮಾತ್ರ. ಮಂಚ, ಬಾಗಿಲು ಮಾಡುವವರಿಗೆ ಗಿಡ್ಡವೆನಿಸುವ ಮೂರಡಿಯ ತುಂಡು ವಾದ್ಯ ಮಾಡುವವನಿಗೆ ಸಾಕಷ್ಟು ಉದ್ದದ್ದು. ತಬಲಾದ ಮರದ ಗೂಡು ಕೊರೆಯುವವರಿಗೆ ಅದಕ್ಕಿಂತಲೂ ಗಿಡ್ಡ ತುಂಡು ನಡೆಯುತ್ತದೆ. ಅರಣ್ಯ ಇಲಾಖೆಯು ಇಂಥ ತುಂಡುಗಳನ್ನು ಬೇರೆ ತೆಗೆದು, ನೆರಳಿನಲ್ಲಿ ಒಟ್ಟಿ ಒಣಗಿಸಿ, ರಸೀದಿ ಮತ್ತು ರಹದಾರಿಯೊಂದಿಗೆ ಚಿಲ್ಲರೆಯಾಗಿ ಮಾರಲು ನಮ್ಮ ಭಾಗದ ಒಂದಾದರೂ ಡಿಪೊದಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಬೇಕು. ಕೊಳ್ಳುವವನಿಗೆ ತುಂಡನ್ನು ಆರಿಸಿ, ತಟ್ಟಿ ನೋಡಲು ಅವಕಾಶ ಇರಬೇಕು. ದರ ಹರಾಜಿನದಕ್ಕಿಂತ ಹೆಚ್ಚಿದ್ದರೂ ಕೊಡಲು ನಾನು ಸಿದ್ಧ.

– ಒಬ್ಬ ಓದುಗ, ಧಾರವಾಡ