ಗೆಳೆಯಾ, ಕಾರಂತರ ಬದುಕನ್ನೂ ಓದು

ಪ್ರೀತಿಯ ಗೆಳೆಯಾ,

ಕಾದಂಬರಿ ಬರೆಯೋದನ್ನ ಯಾರಿಂದ ಕಲಿಯಲಿ ಅಂತ ಕೇಳಿದ್ದೀಯ. ಶಿವರಾಮ ಕಾರಂತರಿಂದ ಕಲಿ. ಅವರ ಕಾದಂಬರಿಗಳನ್ನು ನೀನು ಓದಿದ್ದೀಯ, ಗೊತ್ತು. ಈಗ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದು.

ಗಾಂಧೀಜಿಯ ಕರೆಗೆ ಓಗೊಟ್ಟು ಅವರು ಕಾಲೇಜು ಬಿಟ್ಟರು. ಖಾದಿ, ಸಮಾಜ ಸುಧಾರಣೆ ಅಂತ ಊರೂರು ಅಲೆದರು. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು. ಕಥೆಗೆ ಸರಕು ಸಿಗಲಿ ಅಂತ ಮಾಡಿದ್ದಲ್ಲ ಇದೆಲ್ಲ. ಆದರೆ ಜನರ ನಡುವೆ ಇದ್ದವರಿಗೆ ಮಾತ್ರ ಕಾಣುವ ಸಂಗತಿಗಳು 1933ರ ‘ಚೋಮನ ದುಡಿ’ಯಲ್ಲಿ ಬಂದವು. ಚೋಮನ ಹತ್ತಿರ ಎತ್ತುಗಳಿವೆ. ಉಳುವುದಕ್ಕೆ ತುಂಡು ನೆಲವಿಲ್ಲ. ಅಸ್ಪೃಶ್ಯನೆಂದು ಅವನಿಗೆ ಬೇಸಾಯಕ್ಕೆ ಭೂಮಿ ಸಿಗುವುದಿಲ್ಲ. ಎತ್ತುಗಳು ಕೊಟ್ಟಿಗೆಯಲ್ಲಿ ನಿಂತಿವೆ ಅಂದರೆ ಸಾಕು, ಅನ್ಯಾಯ ಎಂಥದ್ದೆಂದು ಓದುಗನಿಗೆ ತಿಳಿಯುತ್ತದೆ. ದುಃಖ ಉಕ್ಕಿದಾಗ ಚೋಮ ಭಾಷಣ ಮಾಡುವುದಿಲ್ಲ, ದುಡಿ ಬಾರಿಸುತ್ತಾನೆ.

ನೀನು ಕಳಿಸಿದ ಅಧ್ಯಾಯದಲ್ಲಿ ನಿನ್ನ ನೇಕಾರ ಎರಡು ಪುಟ ನೋವು ತೋಡಿಕೊಳ್ಳುತ್ತಾನೆ. ಮಗ್ಗ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಅವನಿಗೆ ನೂಲು ಕೊಡುವವರು ಯಾರು? ಒಂದು ಸೀರೆಗೆ ಕೂಲಿ ಎಷ್ಟು? ನಡುವೆ ಎಳೆ ಕಡಿದರೆ ಏನು ಮಾಡುತ್ತಾನೆ? ಇಷ್ಟು ಗೊತ್ತಾದರೆ ಅವನ ನೋವಿನ ಅರ್ಧ ಮಾತುಗಳನ್ನು ನೀನೇ ಹೊಡೆದುಹಾಕುತ್ತೀಯ.

ಕಾರಂತರ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟ. ಅವರು ಮಕ್ಕಳಿಗಾಗಿ ‘ಬಾಲಪ್ರಪಂಚ’ ಅನ್ನೋ ವಿಶ್ವಕೋಶದ ಮೂರು ಸಂಪುಟ ಬರೆದರು. ಇಷ್ಟು ದೊಡ್ಡ ಕಾದಂಬರಿಕಾರ ಇದಕ್ಕೆ ಕೂತರಲ್ಲ ಅಂತ ನೆನೆದಾಗಲೆಲ್ಲ ಗೌರವ ಹೆಚ್ಚಾಗುತ್ತದೆ. ಮಗುವಿಗೆ ಹೇಳುವಾಗ ಗೊತ್ತಿಲ್ಲದ್ದನ್ನು ದೊಡ್ಡ ಪದಗಳಲ್ಲಿ ಮುಚ್ಚಿಡುವುದಕ್ಕೆ ಆಗಲ್ಲ, ಅಲ್ವಾ? ಅವರ ಗದ್ಯ ಅಷ್ಟು ನೇರವಾಗಿರುವುದರಲ್ಲಿ ಈ ಅಭ್ಯಾಸದ ಪಾಲು ಜಾಸ್ತಿ ಅಂತ ನನ್ನ ನಂಬಿಕೆ. ನೀನೂ ಮಾಡಿ ನೋಡು. ಹಾಸು, ಹೊಕ್ಕು, ಲಾಳಿ ಸೇರಿ ಬಟ್ಟೆ ಹೇಗಾಗುತ್ತದೆ ಅಂತ ಹತ್ತು ವರ್ಷದ ಮಗುವಿಗೆ ಒಂದು ಪುಟದಲ್ಲಿ ಬರೆ.

ವಯಸ್ಸಾಯ್ತು ಅಂತ ಬೇರೆ ಬರೆದಿದ್ದೀಯ. 1902ರಲ್ಲಿ ಹುಟ್ಟಿದ ಕಾರಂತರು ‘ಮೂಕಜ್ಜಿಯ ಕನಸುಗಳು’ ಪ್ರಕಟಿಸಿದ್ದು 1968ರಲ್ಲಿ. ಲೆಕ್ಕ ನೀನೇ ಹಾಕು. ಜ್ಞಾನಪೀಠ ತಂದುಕೊಟ್ಟದ್ದು ಅದೇ ಕಾದಂಬರಿ.

ಸದ್ಯಕ್ಕೆ ಆ ಅಧ್ಯಾಯವನ್ನು ಸುಮ್ನೆ ತಿದ್ದುತ್ತಾ ಕೂರಬೇಡ. ನೇಯುವವರ ಮನೆಯಲ್ಲಿ ನಾಲ್ಕು ದಿನ ಇದ್ದು ಬಾ, ಅವರು ಒಪ್ಪಿದರೆ ಮಗ್ಗಕ್ಕೂ ಕೂರು. ಆ ಒಂದು ಪುಟವನ್ನು ಮೊದಲು ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ