ಶನಿವಾರದ ಪ್ರಶ್ನಾವಳಿ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ 6 ಮತ್ತು 7ನೇ ತರಗತಿ ಮಕ್ಕಳಿಗೆ, ಬೇರೆ ಮಕ್ಕಳಿಂದ ಆಗುವ ಕಾಟದ ಬಗ್ಗೆ ಒಂದು ಪ್ರಶ್ನಾವಳಿ ಕೊಡುತ್ತೇವೆ. ಇದು ಪರೀಕ್ಷೆ ಅಲ್ಲ. ತಮ್ಮ ಹೆಸರು ಬರೆಯುವ ಹಾಗಿಲ್ಲ.

"ಯಾರಾದರೂ ಕಾಟ ಕೊಡ್ತಾರಾ?" ಅಂತ ಸುಮ್ನೆ ಕೇಳಿದರೆ ಎಷ್ಟೋ ಮಕ್ಕಳು ಇಲ್ಲ ಅಂತಾರೆ. ಅದಕ್ಕೇ ಬಿಡಿಸಿ ಕೇಳುತ್ತೇವೆ: ಅಡ್ಡಹೆಸರಿಟ್ಟು ಕರೆದರಾ, ಆಟಕ್ಕೆ ಸೇರಿಸಲಿಲ್ಲವಾ, ತಳ್ಳಿದರಾ, ಮೊಬೈಲಿನಲ್ಲಿ ಅಣಕಿಸಿದರಾ? ಕಳೆದ ಒಂದೆರಡು ತಿಂಗಳಲ್ಲಿ ಎಷ್ಟು ಸಲ? ನಾರ್ವೆಯ ಸಂಶೋಧಕ ಡಾನ್ ಓಲ್ವೆಯಸ್ ಅವರ ಅಳತೆ ಪ್ರಕಾರ ತಿಂಗಳಿಗೆ 2-3 ಸಲ ಅಥವಾ ಅದಕ್ಕಿಂತ ಜಾಸ್ತಿ ಆದರೆ ಅದು ಕಾಟದ ಲೆಕ್ಕಕ್ಕೆ ಬರುತ್ತದೆ. ಸಮಬಲದವರ ಜಗಳ ಬರುವುದಿಲ್ಲ. (ಮದ್ದೂರು ಬಸ್ಸಿನ ಸೀಟು ಜಗಳವನ್ನೂ ಸೇರಿಸಿದರೆ ಮಂಡ್ಯದಲ್ಲಿ ಯಾರೂ ಉಳಿಯಲ್ಲ ಬಿಡಿ!)

ಊಟಕ್ಕೆ ಯಾರ ಜೊತೆ ಕೂರುತ್ತೀಯ ಅಂತಲೂ ಇದೆ. ಯಾರೂ ಹೆಸರಿಸದ ಮಗು ಇದ್ದರೆ ಇದರಲ್ಲಿ ಗೊತ್ತಾಗುತ್ತದೆ. "ಯಾರು ಇಷ್ಟವಿಲ್ಲ" ಅನ್ನುವ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇವೆ. ಆಮೇಲೆ ಮಕ್ಕಳ ನಡುವೆ ಅದೇ ಮಾತಾಗುತ್ತದೆ, ಅಲ್ವಾ?

ದಯವಿಟ್ಟು ಮನೆಯಲ್ಲಿ ಉತ್ತರ ಹೇಳಿಕೊಡಬೇಡಿ. ಒಪ್ಪಿಗೆ ಇಲ್ಲದವರು ಶುಕ್ರವಾರದೊಳಗೆ ತಿಳಿಸಿ. ಯಾವ ಮಗುವಿನ ಹೆಸರನ್ನೂ ಈ ಗುಂಪಿನಲ್ಲಿ ಹಾಕಬೇಡಿ, ನನಗೆ ಫೋನ್ ಮಾಡಿ. ತುರ್ತಾದರೆ ಮಕ್ಕಳ ಸಹಾಯವಾಣಿ 1098 ಇದೆ.